ಬೋಲೋ ನಾ

ಊರಿನ ಹೆಸರು ಬೊಲೊನ್ಯಾ.
ಗಫೂರ್ ಉಸ್ತಾದರ ಬಾಯಲ್ಲಿ ಅದು ‘ಬೋಲೋ ನಾ’.
ಹೇಳಬಾರದೇನು, ಎಂದು ಕೇಳುವ ಊರು.
ತಂಗಿ ನೀಲಗಂಗಾ ಅಲ್ಲಿಗೆ ಹೋಗಿ ಏಳು ತಿಂಗಳು,
ಲೋಹದ ಕೆಲಸ ಕಲಿಸುವ ಕಲಾಶಾಲೆಗೆ.

ಅಲ್ಲೂ ಕೆಂಪು ಗೋಡೆಗಳಂತೆ,
ನಮ್ಮ ಕೋಟೆಯ ಕೆಂಪಲ್ಲ, ಇಟ್ಟಿಗೆಯದು.
ಮಳೆಯಲ್ಲೂ ನೆನೆಯದೆ ಊರೆಲ್ಲ ಸುತ್ತಬಹುದು,
ಬೀದಿಯುದ್ದ ಕಮಾನಿನ ಪಡಸಾಲೆ.
ವಾಲಿ ನಿಂತ ಗೋಪುರದ ಫೋಟೋ ಕಳಿಸಿದ್ದಳು.
ಉಸ್ತಾದರು ಚೌಬಾರಾದ ಕಡೆ ಕತ್ತು ತಿರುಗಿಸಿ
‘ನಮ್ದು ನೆಟ್ಟಗದ’ ಎಂದು
ಮತ್ತೆ ಬೆಳ್ಳಿತಂತಿ ಬಡಿಯಲು ಕೂತರು.

ಮೊನ್ನೆ ಫೋನು. ನೀರು ಕುದಿಯುವ ಹೊತ್ತು.
‘ಅಕ್ಕಾ, ಆ ಕಪ್ಪು ಹ್ಯಾಂಗ ಬರ್ತದ ಅಂತ ಕೇಳ್ಲತ್ತಾರ.
ಮಣ್ಣು ಅಂದೆ.
ಎಂಥ ಮಣ್ಣು ಅಂದ್ರು.
ಬಿಸಿಲು ಮಳಿ ಕಾಣದ, ಕ್ವಾಟಿಯೊಳಗಿನ ಮಣ್ಣು ಅಂದೆ.
ಅದರಾಗ ಏನೇನು ಎಷ್ಟೆಷ್ಟು ಅದ, ಪಟ್ಟಿ ಬರದು ಕೊಡು ಅಂದ್ರು.
ಉಸ್ತಾದರಿಗಿ ಕೇಳು.’

ಉಸ್ತಾದರು ಡಬ್ಬಿ ತೆರೆದರು.
ಒಂದು ಚಿಟಿಕೆ, ನಾಲಿಗೆಯ ತುದಿ, ಮುಚ್ಚಿದ ಕಣ್ಣು.
ನಾನು ಫೋನನ್ನು ಅವರ ಬಾಯಿಗೆ ಹಿಡಿದೆ,
ರುಚಿ ಅದರೊಳಗೆ ಹಾದುಹೋಗುತ್ತದೇನೋ ಎಂಬಂತೆ.
ಅವಳಿಗೆ ಕೇಳಿಸಿದ್ದು ಒಂದು ಚಪ್ಪರಿಕೆ,
ಆಮೇಲೆ ಮೋರಿಗೆ ಉಗಿದ ಸದ್ದು.
‘ಬೋಲೋ ನಾ, ಉಸ್ತಾದ್!’ ಆ ತುದಿಯಿಂದ.
‘ಉಪ್ಪಲ್ಲ,’ ಅಂದರು. ‘ಒಗರೂ ಅಲ್ಲ.
ನವಸಾಗರ ಇರ್ತದಲ್ಲ, ಅದರ ತಂಗಿ ಇದ್ದಂಗ.
ಬರ್ಕೋ.’

ಏನು ಬರೆದುಕೊಂಡಳೋ.

ಎಂಟು ವರ್ಷದವಳಿದ್ದಾಗ ಅಂಗಡಿಯ ಹಿಂದೆ
ಇದೇ ಡಬ್ಬಿಗೆ ಕೈ ಹಾಕಿ ತಿಂದಿದ್ದಳು.
ಕಪಾಳಕ್ಕೆ ಹೊಡೆದವಳು ನಾನು.
ಉಸ್ತಾದರು ಹೊಡೆಯಲಿಲ್ಲ,
‘ಹ್ಯಾಂಗದ?’ ಎಂದು ಕೇಳಿದ್ದರು ಅವಳನ್ನ.
ಹನ್ನೊಂದು ವರ್ಷದಿಂದ ಹೂಜಿಯ ಕತ್ತಿಗೆ
ಬಳ್ಳಿ ಕೊರೆಯುತ್ತಿದ್ದೇನೆ ನಾನು.
ನನ್ನನ್ನು ಯಾರೂ ಕೇಳಿಲ್ಲ,
ನಾನೂ ಕೇಳಿಸಿಕೊಳ್ಳಲಿಕ್ಕೆ ಹೋಗಿಲ್ಲ.

ಇವತ್ತೊಂದು ಚಿತ್ರ ಬಂತು.
ಪೀಪಾಯಿಗಳಿದ್ದ ಯಾವುದೋ ನೆಲಮಾಳಿಗೆ,
ಮೆಟ್ಟಿಲು ಇಳಿದು ಮೂಲೆಮೂಲೆಯ ಮಣ್ಣು ನೆಕ್ಕಿದಳಂತೆ,
ಕಾವಲಿನ ಮುದುಕ ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದನಂತೆ.
ಆ ಮಣ್ಣಲ್ಲಿ ಕುದಿಸಿ ತೆಗೆದ ಒಂದು ಗುಂಡಿ:
ಬೆಳ್ಳಿಯ ಐದು ಎಸಳು ಹೊಳೆಯುತ್ತಿವೆ,
ಸುತ್ತ ಪಾರಿವಾಳದ ಬಣ್ಣ.

ಉಸ್ತಾದರು ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ,
‘ಮೂರನೇ ಎಸಳಿನ ತಂತಿ ಎದ್ದದ,’ ಅಂದರು.
‘ಕಪ್ಪು ಬಂದಿಲ್ಲ.’
ಫೋನು ವಾಪಸ್ ಕೊಡುವಾಗ ಮಾತ್ರ,
‘ಅಳಸಬ್ಯಾಡ ಇದು.’

ಅವರು ನಮಾಜಿಗೆ ಹೋದರು.
ಕೊಬ್ಬರಿ ಎಣ್ಣೆಯ ಬಟ್ಟೆ ಮಡಚಿಟ್ಟು, ಕಸ ಗುಡಿಸಿ,
ಡಬ್ಬಿಯ ಮುಚ್ಚಳ ಬಿಗಿಮಾಡಲು ಹೋದವಳು
ತೆಗೆದೆ.

ಮೂರು ಸಲ ಬಾಯಿ ಮುಕ್ಕಳಿಸಿದೆ ಆಮೇಲೆ.
ಬೆಳಗಿನ ಚಹಾದಲ್ಲೂ ಇತ್ತು.