ಮೂವತ್ತರಿಂದ ಮೂವತ್ತೊಂದಕ್ಕೆ

ಊಟದ ತಟ್ಟೆ ಎತ್ತುವ ಮೊದಲೇ
ನೋಟುಬುಕ್ಕಿನ ನಡುಹಾಳೆ ಬಿಚ್ಚಿ ತಂದಿದ್ದಾಳೆ ಸಾಯಲಿ.
ತಲೆಬರಹ: ಕೆಎ ಮೂವತ್ತರಿಂದ ಕೆಎ ಮೂವತ್ತೊಂದಕ್ಕೆ.
ಕಾರವಾರ ಎನ್ನುವುದಿಲ್ಲ ಅವಳು, ಶಿರಸಿ ಎನ್ನುವುದಿಲ್ಲ,
ಊರುಗಳಿಗೆಲ್ಲ ನಂಬರ್ ಪ್ಲೇಟಿನದೇ ಹೆಸರು.
ದಾಂಡೇಲಿ ಅರವತ್ತೈದು, ಹೊನ್ನಾವರ ನಲವತ್ತೇಳು.
ಅಜ್ಜಿಮನೆ ಮಾತ್ರ, ಸದ್ಯ, ಇನ್ನೂ ಅಜ್ಜಿಮನೆ.

ಹದಿನಾರು ವರ್ಷ.
ಕೋಡಿಬಾಗದ ಹಿತ್ತಲಲ್ಲಿ ಕೂತು
ಹೆದ್ದಾರಿಯ ಕಡೆ ಬರೀ ಕಿವಿ ಕೊಟ್ಟು ಹೇಳುತ್ತಾಳೆ:
'ಡೀಸೆಲ್. ಮೂರು ಸಿಲಿಂಡರು. ಸೈಲೆನ್ಸರ್ ತೂತು.'
ಅವಳ ಆಯಿ ಮೀನಿನ ಕಿವಿರು ಎತ್ತಿ
ದಿನವೆಷ್ಟಾಯಿತೆಂದು ಹೇಳುವ ಹಾಗೆ.

ನಾನು ಮೀನು ಲಾರಿಯ ಡ್ರೈವರು.
ಬೈತಖೋಲದಲ್ಲಿ ಬಂಗುಡೆ ತುಂಬಿ, ಮೇಲೆ ಐಸು ಸುರಿದು
ಹತ್ತೊಂಬತ್ತು ವರ್ಷ ರಾತ್ರಿಯೊಳಗೇ ಓಡಿಸಿದವನು.
ರಸ್ತೆ ಎಂದರೆ ನನಗೆ ಎರಡು ದೀಪ ಚಾಚುವಷ್ಟು ಉದ್ದ,
ಅದರಾಚೆ ಇರುವುದು ನಿದ್ದೆ.
ಘಟ್ಟ ಕಂಡಿಲ್ಲ, ಘಟ್ಟದ ಕಪ್ಪು ಕಂಡಿದ್ದೇನೆ.
ಹಿಂದೆ ನೀರು ತೊಟ್ಟಿಕ್ಕುತ್ತಿರುತ್ತದೆ,
ಅದು ನಿಲ್ಲುವ ಮೊದಲು ಮುಟ್ಟಬೇಕು. ಅಷ್ಟೇ.

ಇವಳಿಗೆ ಬೇಕಾದದ್ದೇ ರಸ್ತೆ.
ದೇವಸ್ಥಾನ ಬೇಡ, ಜಲಪಾತದೆದುರು ಹಲ್ಲು ಕಿರಿದ ಫೋಟೋ ಬೇಡ.
'ಅಣಶಿಯಲ್ಲಿ ಹತ್ತೋಣ, ಜೋಯಿಡಾ, ದಾಂಡೇಲಿ, ಯಲ್ಲಾಪುರ,
ದೇವಿಮನೆಯಲ್ಲಿ ಇಳಿಯೋಣ.
ಅರಬೈಲು ಬಿಟ್ಟೇ ಹೋಯ್ತಲ್ಲ ಬಾಬಾ,
ಅದು ಮುಂದಿನ ವರ್ಷಕ್ಕೆ.'
ಒಳಗಿನಿಂದ ವೈಜಯಂತಿ:
'ವಾಂತಿ ಯಾರ್‍ಯಾರಿಗೆ ಬರ್ತದೆ, ಅದನ್ನೂ ಬರೆದುಕೋ.'
ಬರೆದುಕೊಂಡಳು. ನಿಂಬೆಹಣ್ಣು, ಆರು.

ಗಾಡಿ ಒಂದು ಹಳೇ ಝೆನ್.
ನೇವಿಯವರೊಬ್ಬರು ವರ್ಗವಾಗಿ ಹೋಗುವಾಗ
ಮಾರಿದ್ದೋ ಬಿಟ್ಟದ್ದೋ ಎಂಬ ಬೆಲೆಗೆ ಬಂದದ್ದು.
ಉಪ್ಪುಗಾಳಿ ಬಾಗಿಲ ಅಂಚನ್ನು ಹಪ್ಪಳ ಮಾಡಿದೆ.
ಅದನ್ನಿವಳು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾಳೆ,
ಉಜ್ಜಿದಷ್ಟೂ ತೂತು ದೊಡ್ಡದಾಗುತ್ತದೆ.
ನನ್ನ ಹುಟ್ಟಿದ ದಿನ ಅವಳಿಗೆ ನೆನಪಿಲ್ಲ,
ಆಯಿಲ್ ಬದಲಿಸಿದ ತಾರೀಕು ಬಾಯಿಪಾಠ.

ಯಾವಾಗ ಹೊರಡುವುದು ಎಂಬಲ್ಲಿ ಪೆನ್ನು ನಿಂತಿತು.
ಬೋಟು ಬಂದಾಗುವುದು ಜೂನ್ ಒಂದಕ್ಕೆ.
ಅಂದಿಗೆ ನನಗೆ ಬಿಡುವು, ಅಂದಿಗೇ ಮಳೆ, ಅಂದಿಗೇ ಅವಳ ಕಾಲೇಜು.
ಮೇ ತಿಂಗಳಲ್ಲಿ ಸಾವಕಾರರು ಕೊಟ್ಟರೆ ಎರಡು ದಿನ,
ಅದೂ ಕೇಳುವ ಹೊತ್ತಿಗೆ ಅವರ ಬಾಯಲ್ಲಿ ಕವಳವಿದ್ದರೆ.
'ಎರಡು ದಿನ ಸಾಕು' ಎಂದಳು,
ಮೂರನ್ನು ಹೊಡೆದು ಎರಡು ಮಾಡಿದಳು. ಅಜ್ಜಿಮನೆ ಹೋಯಿತು.

ಆಗ ಕಂಡೆ,
ದೇವಿಮನೆ ಗೆರೆಯ ಮೇಲೊಂದು ಸೊನ್ನೆ.
ಅಲ್ಲಿ ಹೋಟೆಲಿಲ್ಲ, ಗಾಳಿ ತುಂಬುವವನೂ ಇಲ್ಲ.
'ಇಲ್ಲೇನಿದೆಯೇ?'

'ಹೋದ ಆಗಸ್ಟಿನಲ್ಲಿ ನೀನು ಗಾಡಿ ನಿಲ್ಲಿಸಿದ್ದು ಅಲ್ಲೇ ಅಲ್ವಾ?'
'ಪಂಕ್ಚರ್ ಆಗಿತ್ತು ಮಗಾ.'
'ಪಂಕ್ಚರ್ ಆದ್ರೆ ನೀನು ಬಯ್ಯುತ್ತೀ ಬಾಬಾ.
ಆವತ್ತು ಮೆಲ್ಲಗೆ ಮಾತಾಡಿದೆ.
ಇಂಜಿನ್ ಸದ್ದೇ ಇರಲಿಲ್ಲ,
ಹಿಂದಿನಿಂದ ಒಂದು ಹಾರ್ನೂ ಇಲ್ಲ.'

ಹೇಳಿರಲಿಲ್ಲ ನಾನು.
ಹತ್ತು ಮಾರು ಮುಂದೆ ಗುಡ್ಡ ಇಳಿದು ಬಂದು
ರಸ್ತೆಯ ಮೇಲೆ ಕೂತದ್ದನ್ನು,
ಅದರೊಳಗೊಂದು ಮರ ನೆಟ್ಟಗೇ ನಿಂತಿದ್ದದ್ದನ್ನು,
ಮೀನು ನಾರುವ ತನಕ, ಬೆಳಕು ಹರಿಯುವ ತನಕ
ಸ್ಟಿಯರಿಂಗಿನಿಂದ ಕೈ ಬಿಡಿಸಿಕೊಳ್ಳಲು ಬಾರದೆ ಹೋದದ್ದನ್ನು.
ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು.
ಈಗಲೂ ಹೇಳಲಿಲ್ಲ.
ಅವಳು ಕೇಳಲೂ ಇಲ್ಲ. ಸೊನ್ನೆಯ ಪಕ್ಕ ಬರೆದಳು:
ಎರಡನೇ ಗೇರು. ಹತ್ತು ನಿಮಿಷ. ಬಾಬಾ ತೋರಿಸಬೇಕು.

ಆಮೇಲೆ ಮುಂದಿನ ಸೀಟು ಯಾರಿಗೆಂಬ ಜಗಳ.
ವೈಜಯಂತಿಗೆ ಕಿಟಕಿ, ಕಿಟಕಿಯಿಲ್ಲದೆ ನಿಂಬೆಹಣ್ಣು ಕೆಲಸ ಮಾಡದು.
ಸಾಯಲಿಗೆ ಮೀಟರು ಕಾಣಬೇಕು.
ಲೈಸೆನ್ಸಿಗೆ ಇನ್ನೂ ಎರಡು ವರ್ಷ ಮೂರು ತಿಂಗಳು,
ಅಲ್ಲಿಯವರೆಗೆ ಕಣ್ಣಿನಿಂದಾದರೂ ಓಡಿಸಬೇಡವೇ?

ಹನ್ನೊಂದು ಗಂಟೆಗೆ ಬ್ಯಾಟರಿ ಸಾಯದಿರಲೆಂದು
ಹೋಗಿ ಎರಡು ನಿಮಿಷ ಗಾಡಿ ಚಾಲೂ ಮಾಡಿದಳು.
ಕಾಳಿಯ ನೀರಿನ ಮೇಲೆ ಆ ಸಣ್ಣ ಸದ್ದು ಹರಡಿತು.
'ಬೆಲ್ಟು ಕೀಂಯ್ ಅಂತಿದೆ. ಕೇಳ್ತಾ ಬಾಬಾ?'

ಕಿಟಕಿ ಪಕ್ಕದ ಬಲಗಿವಿಯನ್ನು ಲಾರಿ ಯಾವತ್ತೋ ತಿಂದಿದೆ.
ಎಡಗಿವಿ ತಿರುಗಿಸಿ ನಿಂತೆ.
ಕಪ್ಪೆ ಕೇಳಿತು, ನಾಯಿ ಕೇಳಿತು, ದೂರದ ರೈಲೂ ಕೇಳಿತು.
'ಹೌದು, ಬದಲಿಸಬೇಕು' ಎಂದೆ.