ಕಾರಣದ ಖಾನೆ

ಸೆತೂಬಲ್ಲಿನ ಬಂದರಿಗೆ ಇಳಿಯುವ ಬೀದಿಯಲ್ಲಿ ನನ್ನದೊಂದು ಅಂಗಡಿ:
ಪೇಪರು, ಪೆನ್ಸಿಲು, ಸಿಗರೇಟು, ಲಾಟರಿ,
ಹೋದ ವರ್ಷದಿಂದ ವಾಪಸು ಹೊರಟ ಪೊಟ್ಟಣಗಳು.
ಪೊಟ್ಟಣಕ್ಕೆ ಮೂವತ್ತು ಸೆಂಟು ನನಗೆ,
ಜೊತೆಗೊಂದು ಕತೆ ಪುಕ್ಕಟೆ.

ಕಾನೂನು ಗೋಡೆಗೆ ಅಂಟಿಸಿದ್ದೇನೆ, ದಪ್ಪ ಅಕ್ಷರದಲ್ಲಿ:
ಕೈಸೇರಿದ ಮರುದಿನದಿಂದ ಎಣಿಸಿ ಹದಿನಾಲ್ಕು ದಿನ.
ಮುಟ್ಟಿ ನೋಡದೆ ಕೊಂಡವರು ನೀವು,
ಬೇಡವೆನಿಸಿದರೆ ಬೇಡ ಅನ್ನಿ, ಸಾಕು.
ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ.

ಕೇಳದಿದ್ದರೂ ಹೇಳುತ್ತಾರೆ.

ಫೆಲಿಜ್ಮೀನಾ ತಂದಳು ಮೀನಿನ ಹುರುಪೆ ತೆಗೆಯುವ ಯಂತ್ರ.
ಮೂವತ್ತೊಂದು ವರ್ಷ ಸಾರ್ಡೀನ್ ಕಾರ್ಖಾನೆಯಲ್ಲಿ
ಮೀನಿನ ತಲೆ ಮುರಿದ ಕೈ ಅವಳದು.
"ಕೆಟ್ಟಿಲ್ಲ ಇವೋನ್, ತಪ್ಪು ತಿಳಿಯಬೇಡ,
ಆದರೆ ಕಿರುಚುತ್ತೆ ಅದು. ಮೀನೇ ಕಿರುಚಿದ ಹಾಗೆ."

ಚರ್ಚಿನಲ್ಲಿ ಆರ್ಗನ್ ನುಡಿಸುವ ತಾರ್ಸೀಸಿಯು
ಆರು ಜೊತೆ ಬೂಟು ತರಿಸಿ ಐದು ವಾಪಸು ತಂದ,
ಜೊತೆಗೊಂದರಂತೆ ಕ್ಷಮೆ ಕೇಳುತ್ತ.
ಇದು ಕಚ್ಚುತ್ತೆ. ಇದು ಜಾರುತ್ತೆ.
ಇದರಲ್ಲಿ ನನ್ನ ಭಾವನ ಹಾಗೆ ಕಾಣ್ತೇನೆ.

ಜುಲ್ಮೀರಾಳ ಕೆಟಲಿಗೆ ಕಂಪನಿ ಬರೆದಿತ್ತು:
ಡಬ್ಬ ತೆರೆದಿದ್ದೀರಿ, ಹಣ ಇಲ್ಲ.
ಆವತ್ತು ಅಂಗಡಿ ಅರ್ಧ ಗಂಟೆ ಮುಚ್ಚಿ
ಇಬ್ಬರೂ ಕೂತು ಕಾಗದ ಬರೆದೆವು:
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ,
ನಾವು ಕಂಡೇ ಇಲ್ಲವಲ್ಲ, ತೆರೆಯದೆ ನೋಡುವುದೆಂತು ಸ್ವಾಮಿ?
ಹಣ ಬಂತು, ಮೊದಲು ಕಟ್ಟಿಸಿಕೊಂಡ ಸಾಗಣೆಯ ಕೂಲಿ ಸಮೇತ.
ವಾಪಸು ಕಳಿಸಿದ ಕೂಲಿ ಮಾತ್ರ ನಮ್ಮ ತಲೆಗೇ.
ಅದು ಸಣ್ಣ ಅಕ್ಷರದಲ್ಲಿತ್ತು, ಕನ್ನಡಕ ಹಾಕಿ ಓದಬೇಕಿತ್ತು.

ಎಲ್ಲವೂ ಹಿಂದಕ್ಕೆ ಹೋಗುವುದಿಲ್ಲ.
ಸೀಲು ಒಡೆದ ಮುಲಾಮು,
ಅಳತೆ ಕೊಟ್ಟು ಹೊಲಿಸಿದ ಪರದೆ,
ಹೆಸರು ಕೊರೆಸಿದ್ದು.

ಅದೆಲಿನು ಬಂದದ್ದು ನಾಯಿಯ ಕೊರಳಪಟ್ಟಿ ಹಿಡಿದು.
ಒಳ್ಳೆಯ ತೊಗಲು, ಹಿತ್ತಾಳೆ ಬಿಲ್ಲೆ,
ಬಿಲ್ಲೆಯ ಮೇಲೆ: ಫರೂಸ್ಕು.
"ಇವತ್ತಿಗೆ ಹನ್ನೊಂದು ದಿನ. ಲೆಕ್ಕ ಇಟ್ಟಿದ್ದೇನೆ.
ಒಮ್ಮೆಯೂ ಹಾಕಿಲ್ಲ. ಒಂದು ಕೂದಲೂ ಅಂಟಿಲ್ಲ, ನೋಡು."
ನೋಡಿದೆ. ಅಂಟಿರಲಿಲ್ಲ.
ಹೆಸರು ಕೊರೆದದ್ದನ್ನು ಅವರು ತಗೊಳ್ಳಲ್ಲ ಅಂದೆ,
ಬೇರೆ ನಾಯಿಗೆ ಮಾರಲಾಗದಲ್ಲ, ಅದಕ್ಕೆ.
ತುಸು ಹೊತ್ತು ಬಿಲ್ಲೆ ಉಜ್ಜಿದ. "ನ್ಯಾಯವಾಗೇ ಇದೆ," ಅಂದ.
ಲಾಟರಿ ಚೀಟಿಯೊಂದು ಕೊಂಡು ಹೋದ.
ಪಟ್ಟಿ ಕೌಂಟರಿನ ಮೇಲೇ ಉಳಿಯಿತು.
ಈಗ ಕೀಲಿಕೈಯ ಮೊಳೆಯಲ್ಲಿ ತೂಗುತ್ತಿದೆ.
ಕೇಳಿದ ದಿನ ಕೊಡುತ್ತೇನೆ, ನನ್ನಲ್ಲಿ ಗಡುವಿಲ್ಲ.

ಇನ್ನು ನನ್ನದು.
ಐವತ್ತೆಂಟರ ವಯಸ್ಸಿನಲ್ಲಿ, ರಾತ್ರಿ ಒಂದೂವರೆಗೆ,
ನಿದ್ದೆ ಬಾರದೆ ಕೊಂಡ ನೀಲಿ ಈಜುಡುಪು.
ಚೀಟಿ ಕಿತ್ತಿಲ್ಲ. ಹಾಕಿ ನೋಡಿದ್ದು ಒಮ್ಮೆ,
ಒಳ ಉಡುಪಿನ ಮೇಲೆ, ನಿಯಮದಂತೆ, ಬಾಗಿಲು ಹಾಕಿಕೊಂಡು.
ಇವತ್ತು ಹದಿಮೂರು.
ನನ್ನದೇ ಕೌಂಟರಿನಲ್ಲಿ ನಿಂತು ಅರ್ಜಿ ತುಂಬಿದೆ:
ಹೆಸರು, ವಿಳಾಸ, ಕೊಂಡ ತಾರೀಖು.
ಕಾರಣ: ಕಡ್ಡಾಯವಲ್ಲ.
ದಿನಕ್ಕೆ ಹತ್ತು ಸಲ ನಾನೇ ಹೇಳುತ್ತೇನೆ, ಖಾಲಿ ಬಿಡಿ ಅಂತ.
ಪೆನ್ನು ಅಲ್ಲೇ ನಿಂತಿತು.
ನದಿ ತಣ್ಣಗಿದೆ, ಅಂತ ಬರೆದೆ. ಹೊಡೆದುಹಾಕಿದೆ.
ನದಿಗಿಳಿದಿದ್ದರಲ್ಲವೆ ಗೊತ್ತಾಗುವುದು.

ಅಷ್ಟರಲ್ಲಿ ಯಾರೋ ಬೆಂಕಿಪೊಟ್ಟಣ ಕೇಳಿದರು,
ಚಿಲ್ಲರೆ ಹುಡುಕಿದೆ.
ಡಬ್ಬ ಕಾಲಬಳಿ ಇದೆ, ಅರ್ಧ ಅಂಟಿಸಿದ್ದು.
ಪೊಟ್ಟಣದ ವ್ಯಾನು ಬರುವುದು ಆರೂವರೆಗೆ.
ಆಚೆ ದಡದ ಮರಳಿಗೆ ದೋಣಿ
ಏಳೂಕಾಲಿಗೆ.