ಬಿಲ್ಲಿನಲ್ಲಿದ್ದ ಫಿಲ್ಟರು

ಏಪ್ರಿಲ್ ಕೊನೆ. ಸುಪೀರಿಯರ್ ಸರೋವರದ ದಡದಲ್ಲಿ ಇನ್ನೂ
ಉಪ್ಪು ತಿಂದು ಕಪ್ಪಾದ ಹಿಮದ ಗುಪ್ಪೆ.
ಐಲಾ ಲೆಹ್ತೋ ರಟ್ಟಿನ ಡಬ್ಬ ಹರಿದು ನೆಲಕ್ಕೆ ಹಾಸಿ
ಅಂಗಾತ ಮಲಗಿ, ಹಿಮ್ಮಡಿ ಒತ್ತಿ ಒತ್ತಿ
ತನ್ನ ಪಿಕಪ್ಪಿನ ಅಡಿಗೆ ಸರಿಯುತ್ತಾಳೆ,
ಐವತ್ತೆಂಟರ ಸೊಂಟ ಬೇಡವೆಂದರೂ.

ಹಳ್ಳಿದಾರಿಯ ಅಂಚೆ ಅವಳದು. ದಿನಕ್ಕೆ ಎಪ್ಪತ್ತು ಮೈಲಿ,
ಇನ್ನೂರ ಹನ್ನೊಂದು ಡಬ್ಬಿ,
ಅಷ್ಟೇ ಸಲ ನಿಲ್ಲು, ಅಷ್ಟೇ ಸಲ ಹೊರಡು.
ಇಂಥ ಓಟಕ್ಕೆ ಎಣ್ಣೆ ಬೇಗ ಸಾಯುತ್ತದೆ
ಎನ್ನುತ್ತಿದ್ದ ರಸ್. ಗಂಡ. ಆಗ.
ಈಗ ವಿಸ್ಕಾನ್ಸಿನ್ನಿನಲ್ಲಿ ದೋಣಿ ಮಾರುತ್ತಾನೆ,
ಒಬ್ಬ ದಂತವೈದ್ಯೆಯ ಮನೆಯಲ್ಲಿರುತ್ತಾನೆ.

ಅವನು ಹೋದಮೇಲೆ ಡೀಲರು.
ಗಾಜಿನ ಗೋಡೆ, ಪುಕ್ಕಟೆ ಕಾಫಿ, ಟೀವಿಯಲ್ಲಿ
ಯಾರೋ ಯಾರದೋ ಅಡುಗೆಮನೆ ಒಡೆದು ಕಟ್ಟುತ್ತಿರುತ್ತಾರೆ.
ನಲವತ್ತು ನಿಮಿಷಕ್ಕೆ ಒಬ್ಬ ಹುಡುಗ ಬಂದು
ಮಾತು ಮಾತಿಗೂ ಮೇಡಂ ಹಚ್ಚಿ
ಬೇರೆ ಏನೇನು ಸವೆದಿದೆ ಎಂದು ಓದುತ್ತಾನೆ.
ಅವಳು ತಲೆ ಅಲ್ಲಾಡಿಸಿ, ಎಣ್ಣೆಗಷ್ಟೇ ದುಡ್ಡು ಕೊಟ್ಟು
ಬಿಲ್ಲು ಮಡಚಿ ಮನೆಯ ಕಾಫಿ ಡಬ್ಬಿಗೆ ಹಾಕುತ್ತಾಳೆ.
ಕೈಗೆ ಕಲೆಯಿಲ್ಲ. ಅದೂ ಒಂದು ಸುಖವೇ.

ಮತ್ತೆ ಇವತ್ತು ಯಾಕೆ?
ಡೀಲರು ದರ ಏರಿಸಿದ, ಅಷ್ಟೆ.
ನೂರ ಒಂಬತ್ತು ಡಾಲರಿಗೆ ಅಂಗಡಿಯಲ್ಲಿ
ಎರಡು ಸಲಕ್ಕಾಗುವ ಎಣ್ಣೆ ಬರುತ್ತದೆ,
ಮಿಕ್ಕಿದ್ದಕ್ಕೆ ಶುಕ್ರವಾರದ ಮೀನೂಟ.

ಹದಿನೈದರ ಸ್ಪ್ಯಾನರು. ಎಡಕ್ಕೆ. ಇನ್ನೂ ಎಡಕ್ಕೆ.
ಬೋಲ್ಟು ಬೋಗುಣಿಗೆ ಬಿತ್ತು, ಹಿಂದೆಯೇ ಎಣ್ಣೆ—
ಕಾಕಂಬಿಯ ಕಪ್ಪು, ನೀರಿನ ಅವಸರ—
ಮುಂಗೈಯಿಂದ ಮೊಳಕೈಗೆ ಹರಿದು
ಅಂಗಿಯ ತೋಳಿನೊಳಗೆ ಮನೆ ಮಾಡಿತು.
ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತದೆ ನನ್ನ ಭಾಷೆ.
ಅವಳ ಬಾಯಿಗೆ ಬಂದದ್ದು ಮೊಸರಲ್ಲ,
ಅಜ್ಜಿಯಿಂದ ಕಲಿತ ಒಂದೇ ಒಂದು ಫಿನ್ನಿಶ್ ಬೈಗುಳ.

ಆಮೇಲೆ ಟಾರ್ಚು ಫಿಲ್ಟರಿನ ಕಡೆ.
ತುಕ್ಕು ಹತ್ತಿದ ಡಬ್ಬಿ. ಜಿಡ್ಡು ಒರೆಸಿದರೆ
ಬಿಳಿ ಪೆನ್ನಿನಲ್ಲಿ, ಬಲಕ್ಕೆ ವಾಲಿದ ಬರಹ:
ಅಕ್ಟೋಬರ್ ಹನ್ನೆರಡು.
ಒಂದು ಲಕ್ಷದ ನಾಲ್ಕು ಸಾವಿರದ ಎಪ್ಪತ್ತೇಳು ಮೈಲಿ.
ಏಳರ ನಡುವೆ ಅಡ್ಡಗೆರೆ ಎಳೆಯುವವನು
ಆ ಜಿಲ್ಲೆಗೆಲ್ಲ ಒಬ್ಬನೇ ಇದ್ದ.

ಆರು ಬಿಲ್ಲು. ಆರರಲ್ಲೂ ಒಂದು ಸಾಲು: ಫಿಲ್ಟರು, ಹೊಸದು.
ಹದಿನೆಂಟು ತಿಂಗಳು ಇಂಜಿನ್ನಿಗೆ ಕಚ್ಚಿಕೊಂಡು
ಮನೆ ಮನೆಗೂ ಬಂದಿದ್ದಾನೆ ರಸ್,
ಬಾಡಿಗೆ ಕೊಡದೆ.

ಮೊದಲು ನಕ್ಕಳು. ನಕ್ಕ ರಭಸಕ್ಕೆ ಹಣೆ ಚಾಸಿಗೆ ಬಡಿಯಿತು.
ಸಿಟ್ಟು ತಡವಾಗಿ ಬಂತು, ವಿಳಾಸವಿಲ್ಲದ ಲಕೋಟೆಯಂತೆ.
ಡೀಲರಿಗೆ, ಸರಿ.
ಉಳಿದದ್ದು ಎಲ್ಲವನ್ನೂ ಬಿಗಿಯಾಗಿ ತಿರುಪಿ
ಎದ್ದು ಹೋಗುವವರಿಗೆ—
ಡಬ್ಬಿ ವ್ರೆಂಚಿಗೆ ಬಗ್ಗಲಿಲ್ಲ, ಹಳೇ ಬೆಲ್ಟಿಗೂ ಬಗ್ಗಲಿಲ್ಲ.
ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದಳು,
ನೇರ ಹನ್ನೆರಡನೇ ತಾರೀಖಿಗೆ.
ಆಚೆಯಿಂದೀಚೆಗೆ ತೂರಿಸಿ ತಿರುಗಿಸಿದಳು.
ಬಂತು.

ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಎಣ್ಣೆ ಸವರಿ
ತಾರೀಖು ಬರೆದಳು, ಮೈಲಿ ಬರೆದಳು:
ಒಂದು ಲಕ್ಷದ ಮೂವತ್ತೈದು ಸಾವಿರದ ಏಳುನೂರು.
ಏಳರ ನಡುವೆ ಒಂದು ಗೆರೆ. ಎಳೆದಾದ ಮೇಲೆ ಕಂಡಿತು.
ಒರೆಸಲು ಒಣ ಬೆರಳೊಂದೂ ಇರಲಿಲ್ಲ.

ರಾತ್ರಿ ಸೌನಾದಲ್ಲಿ ಮೂರು ಸಲ ನೀರು ಎರಚಿದರೂ
ಆವಿಯಲ್ಲಿ ಗ್ಯಾರೇಜಿನ ವಾಸನೆ.

ಮರುದಿನ ಬ್ರೆಡ್ಡಿನ ಚೀಲದಲ್ಲಿ ಹಳೆಯದು, ಡೀಲರ ಕೌಂಟರಿನ ಮೇಲೆ.
ಪಕ್ಕಕ್ಕೆ ಆರು ಬಿಲ್ಲು, ಇಸ್ಪೀಟಿನಂತೆ ಹರಡಿ.
ಮ್ಯಾನೇಜರು ಬಂದ. ಆಗಬಾರದಿತ್ತು ಎಂದ.
ಎಪ್ಪತ್ತೊಂದು ಡಾಲರು ಎಪ್ಪತ್ತು ಸೆಂಟು ವಾಪಸು,
ಮೇಲೊಂದು ಉಚಿತ ಎಣ್ಣೆ ಬದಲಾವಣೆಯ ಚೀಟಿ.
ಮಾಡಿದವರು ಯಾರು, ನೋಡಬಹುದೇ ಎಂದಳು.
ಹಳದಿ ಗೆರೆ ದಾಟಿ ಗಿರಾಕಿಗಳು ಹೋಗುವಂತಿಲ್ಲವಂತೆ,
ವಿಮೆಯ ನಿಯಮ.
ಮೇಡಂ ಹುಡುಗ ತನ್ನ ಬಿಳೀ ಉಗುರು ನೋಡುತ್ತ ನಿಂತಿದ್ದ.

ಚೀಟಿ ಹರಿಯಲಿಲ್ಲ ಅವಳು. ಕಾಫಿ ಡಬ್ಬಿಯಲ್ಲಿದೆ.
ಆ ಊರಲ್ಲಿ ಜನವರಿ ಎಂಬುದೊಂದಿದೆ,
ನೆಲಕ್ಕೆ ಬೆನ್ನು ಕೊಟ್ಟರೆ ಬೆನ್ನು ನೆಲದ್ದೇ ಆಗುವ ತಿಂಗಳು.
ಆಗ ಹೋಗುತ್ತಾಳೆ, ಕಾಫಿ ಕುಡಿಯುತ್ತಾಳೆ.
ಮನೆಗೆ ಬಂದು ಹಿಮದಲ್ಲಿ ಮಂಡಿಯೂರಿ
ಟಾರ್ಚು ಹಿಡಿದು ಬಗ್ಗಿ ನೋಡುತ್ತಾಳೆ,
ಆ ಏಳು ಇನ್ನೂ ಅಲ್ಲೇ ಇದೆಯೇ ಎಂದು.